ನಾಳೆ ಬರುವ ಬಿಡಿಭಾಗ

ನಾನು ಹೊಳೆನರಸೀಪುರದಲ್ಲಿ ಪಂಪ್‌ಸೆಟ್ಟು, ಟಿಲ್ಲರ್ ರಿಪೇರಿ ಮಾಡುವವನು. ಅಂಗಡಿ ತೆರೆದದ್ದು 1999ರಲ್ಲಿ. ಇಷ್ಟು ವರ್ಷಗಳಲ್ಲಿ ನನ್ನ ಅಂಗಡಿಯ ಮುಂದೆ ನಿಂತ ರೈತರು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ‘ಎಷ್ಟಾಗ್ತದೆ?’ ಎಂಬುದಲ್ಲ. ‘ಸಾಮಾನು ಯಾವಾಗ ಬತ್ತದೆ?’ ಎಂಬುದು. ಅದಕ್ಕೆ ನಾನು ಅತಿ ಹೆಚ್ಚು ಸಲ ಕೊಟ್ಟ ಉತ್ತರ ‘ನಾಳೆ’. ಆ ‘ನಾಳೆ’ಯ ವಿಷಯವಾಗಿಯೇ ಈ ಹೊತ್ತು ತಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದಿದ್ದೇನೆ.

ನಾನು ಈ ಕಸುಬಿಗೆ ಬಂದದ್ದೇ ಬಾರದೆ ಹೋದ ಒಂದು ಗೇರಿನಿಂದ. 1996ರ ಮಾತು. ನಮ್ಮ ಊರು ಅರಕಲಗೂಡು ತಾಲ್ಲೂಕಿನದು, ಹೊಳೆನರಸೀಪುರದ ಕಡೆಯ ಅಂಚಿನಲ್ಲಿದೆ. ನಮ್ಮ ತಂದೆಯವರು ಅದರ ಹಿಂದಿನ ವರ್ಷವಷ್ಟೇ ಎತ್ತುಗಳನ್ನು ಮಾರಿ, ಬೇರೆಯವರು ಬಳಸಿದ್ದ ಒಂದು ಟಿಲ್ಲರ್ ಕೊಂಡಿದ್ದರು. ಮೇ ತಿಂಗಳ ಕೊನೆಗೆ ಹದವಾದ ಮಳೆ ಬಿತ್ತು. ಹಾಸನದ ಮಾರುಕಟ್ಟೆಗೆ ಹೋಗಿ, ಪಂಜಾಬಿನ ಜಲಂಧರ್ ಕಡೆಯಿಂದ ಬಂದ ಬಿತ್ತನೆ ಆಲೂಗೆಡ್ಡೆಯನ್ನು ಸಹಕಾರ ಸಂಘದ ಸಾಲದಲ್ಲಿ ತಂದದ್ದೂ ಆಯಿತು. ಮನೆಮಂದಿಯೆಲ್ಲ ಕೂತು ಕಣ್ಣು ನೋಡಿ ಗೆಡ್ಡೆ ಕೊಯ್ದೆವು. ಮಾರನೆಯ ದಿನ ಬೆಳಿಗ್ಗೆ ಹೊಲದಲ್ಲಿ ಎರಡು ಸುತ್ತು ಹೋಗುವಷ್ಟರಲ್ಲಿ ಟಿಲ್ಲರ್‌ನ ಗೇರು ಪೆಟ್ಟಿಗೆಯೊಳಗೆ ಕಲ್ಲು ಅರೆದಂಥ ಸದ್ದು ಬಂತು. ಬಿಚ್ಚಿ ನೋಡಿದರೆ ಒಂದು ಗೇರಿನ ಮೂರು ಹಲ್ಲು ಎಣ್ಣೆಯ ತಳದಲ್ಲಿ ಬಿದ್ದಿದ್ದವು.

ಕೊಯ್ದ ಗೆಡ್ಡೆಯನ್ನು ಇಟ್ಟುಕೊಂಡು ಕೂರಲು ಬರುವುದಿಲ್ಲ ಎಂಬುದು ಆಲೂಗೆಡ್ಡೆ ಬೆಳೆಯುವವರಿಗೆಲ್ಲ ಗೊತ್ತು. ತಂದೆಯವರು ಅಂದೇ ಹಾಸನಕ್ಕೆ ಓಡಿದರು. ಅಂಗಡಿಯವರು ‘ನಂಬರ್ ಏನು ಯಜಮಾನ್ರೇ?’ ಎಂದು ಕೇಳಿದರಂತೆ. ನಮ್ಮಪ್ಪ ಎರಡು ಕೈ ಅಗಲಿಸಿ ‘ಇಷ್ಟಗಲ ಇದೆ ಸ್ವಾಮಿ’ ಎಂದರಂತೆ. ಮುರಿದ ಗೇರನ್ನು ಅವರು ಜೊತೆಗೆ ಒಯ್ದಿರಲಿಲ್ಲ. ಬೆಂಗಳೂರಿಗೆ ಟ್ರಂಕ್ ಅಲ್ಲ, ಎಸ್.ಟಿ.ಡಿ. ಬೂತಿನಿಂದಲೇ ಫೋನ್ ಮಾಡಿಸಿ ಹೇಳಿ ಬಂದರು. ಐದನೆಯ ದಿನ ಗೇರು ಬಂತು. ಅಗಲ ಸರಿಯಾಗಿತ್ತು, ಹಲ್ಲು ಒಂದು ಹೆಚ್ಚಿತ್ತು.

ಅದನ್ನು ವಾಪಸು ಕಳಿಸಿ ಇನ್ನೊಂದಕ್ಕೆ ಹೇಳಿದ ಮೇಲೆ, ಹೊಳೆನರಸೀಪುರದ ಒಬ್ಬ ಹಿರಿಯ ಲೇತ್ ಮೇಸ್ತ್ರಿಯವರು ಮುರಿದ ಹಲ್ಲುಗಳ ಜಾಗದಲ್ಲಿ ವೆಲ್ಡಿಂಗ್ ತುಂಬಿ, ಅರದಲ್ಲಿ ಉಜ್ಜಿ ಉಜ್ಜಿ ಹೊಸ ಹಲ್ಲು ಮೂಡಿಸಿ ಕೊಟ್ಟರು. ಮೊದಲೇ ಹೇಳಿದ್ದರು, ‘ಇದು ಹೊಟ್ಟೆಪಾಡಿನ ಹಲ್ಲು ಕಣಪ್ಪಾ, ಹುಟ್ಟಿದ ಹಲ್ಲಲ್ಲ.’ ಅರ್ಧ ದಿನ ನಡೆಯಿತು, ಮತ್ತೆ ಮುರಿಯಿತು. ಇತ್ತ ಎರಡನೆಯ ಗೇರನ್ನು ಬೆಂಗಳೂರಿನಿಂದ ಲಾರಿ ಪಾರ್ಸೆಲಿಗೆ ಹಾಕಿದ್ದರು. ಪೆಟ್ಟಿಗೆಯ ಮೇಲೆ ಬರೆದದ್ದು ‘ನರಸೀಪುರ’ ಎಂದಷ್ಟೇ. ಅದು ನೆಟ್ಟಗೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ ಹೋಗಿ ಕುಳಿತಿತು. ನಮ್ಮ ಕೈಗೆ ಸಿಕ್ಕಿದ್ದು ಹನ್ನೆರಡನೆಯ ದಿನ.

ಅಷ್ಟರಲ್ಲಿ ಪಡಸಾಲೆಯಲ್ಲಿ ಹರಡಿದ್ದ ಗೆಡ್ಡೆ ಕೊಳೆತು ನಾರುತ್ತಿತ್ತು. ನಮ್ಮವ್ವ ದಿನಾ ಬೆಳಿಗ್ಗೆ ಕೊಳೆತದ್ದನ್ನು ಬೇರೆ ಮಾಡಿ, ಇನ್ನೂ ಗಟ್ಟಿಯಿದ್ದ ಹೋಳಿಗೆ ಒಲೆಯ ಬೂದಿ ಸವರಿ ಒಂದು ಪಕ್ಕಕ್ಕೆ ಇಡುತ್ತಿದ್ದರು. ಆ ಪಕ್ಕದ ರಾಶಿ ದಿನದಿನಕ್ಕೂ ಸಣ್ಣದಾಗುತ್ತಿತ್ತು. ಕೊನೆಗೆ ಬಾಡಿಗೆ ಎತ್ತು ಕಟ್ಟಿ ಅರ್ಧ ಹೊಲ ನೆಟ್ಟೆವು, ಉಳಿದರ್ಧಕ್ಕೆ ರಾಗಿ ಚೆಲ್ಲಿದೆವು. ಗೇರಿನ ಬೆಲೆ ಕೆಲವು ನೂರು ರೂಪಾಯಿ. ಸಂಘದ ಸಾಲ ತೀರಲು ಮೂರು ವರ್ಷ ಬೇಕಾಯಿತು. ನಾನು ಕಾಲೇಜು ಬಿಟ್ಟು ಅದೇ ಲೇತ್ ಮೇಸ್ತ್ರಿಯವರ ಹತ್ತಿರ ಕೆಲಸಕ್ಕೆ ಸೇರಿದೆ.

ಆಗ ನನಗೆ ಎಲ್ಲ ತಪ್ಪೂ ದೂರದ್ದೇ ಎಂದು ಅನಿಸಿತ್ತು. ಬೆಂಗಳೂರು ದೂರ, ಅದಕ್ಕೇ ಹೀಗೆ ಎಂದುಕೊಂಡೆ. ಆದರೆ ಲೆಕ್ಕ ಹಾಕಿ ನೋಡಿ. ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರು. ಚನ್ನರಾಯಪಟ್ಟಣದಿಂದಂತೂ ಇನ್ನೂ ನಲವತ್ತು ಕಿಲೋಮೀಟರಿನಷ್ಟು ಕಡಿಮೆ. ಅರಕಲಗೂಡು, ಹೊಳೆನರಸೀಪುರ ಎರಡೂ ಹಾಸನದಿಂದ ಒಂದು ಗಂಟೆಯ ಬಸ್ಸಿನ ದಾರಿ. ರಾತ್ರಿ ಹೊರಟ ಲಾರಿ ಕೋಳಿ ಕೂಗುವ ಹೊತ್ತಿಗೆ ಬಂದು ನಿಲ್ಲುತ್ತದೆ. ಹಾಗಾದರೆ ಹನ್ನೆರಡು ದಿನ ಎಲ್ಲಿ ಹೋದವು?

ಇದಕ್ಕೆ ಉತ್ತರ ಹೇಳಿದವರು ಹಾಸನದ ಒಬ್ಬ ಬಿಡಿಭಾಗದ ವ್ಯಾಪಾರಿ. ಅಂಗಡಿ ಹಾಕಿದ ಹೊಸತರಲ್ಲಿ ನಾನು ಅವರ ಮೇಲೆ ರೇಗಿದೆ, ‘ನೀವು ತಂದಿಡೋದಿಲ್ಲ, ನಾವು ಸಾಯ್ತೀವಿ’ ಎಂದು. ಅವರು ಕೋಪಿಸಿಕೊಳ್ಳಲಿಲ್ಲ. ಕಪಾಟು ತೋರಿಸಿ ಹೇಳಿದರು: ‘ನೋಡಪ್ಪಾ, ಒಂದು ಟಿಲ್ಲರ್ ಅಂದ್ರೆ ನೂರಾರು ಸಾಮಾನು. ನೀನು ಹೇಳೋ ಆ ಮಾಡೆಲ್ ನಿಮ್ಮ ತಾಲ್ಲೂಕಲ್ಲಿ ಹತ್ತು ಇದ್ರೆ ಹೆಚ್ಚು. ಆ ಗೇರು ಮುರಿಯೋದು ಹದಿನೈದು ವರ್ಷಕ್ಕೆ ಒಂದ್ಸಲ. ನಾನು ಇವತ್ತು ದುಡ್ಡು ಹಾಕಿ ತಂದಿಟ್ಟರೆ ಮಾರೋನು ನನ್ನ ಮಗ.’

ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಸುತ್ತುತ್ತಿತ್ತು. ಹಾಸನ ಜಿಲ್ಲೆಯ ವಿಸ್ತೀರ್ಣ 6,814 ಚದರ ಕಿಲೋಮೀಟರು. 2011ರ ಜನಗಣತಿಯಲ್ಲಿ ಜನಸಂಖ್ಯೆ 17,76,421. ಅಂದರೆ ಚದರ ಕಿಲೋಮೀಟರಿಗೆ 261 ಜನ. ಆಸ್ಟ್ರೇಲಿಯಾದಲ್ಲಿ ಅದೇ ಜಾಗಕ್ಕೆ ಮೂರು ನಾಲ್ಕು ಜನ. ಅಲ್ಲಿ ಬಿಡಿಭಾಗ ತಡವಾಗಿ ಬರುತ್ತದೆ ಎಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಜನ ತುಂಬಿದ ನಮ್ಮಲ್ಲೇಕೆ ಹಾಗೆ? ಏಕೆಂದರೆ ಬಿಡಿಭಾಗದವನು ಎಣಿಸುವುದು ಜನರನ್ನಲ್ಲ, ಯಂತ್ರಗಳನ್ನು. ಅದೂ ಒಂದೇ ಕಂಪನಿಯ, ಒಂದೇ ಮಾಡೆಲಿನ ಯಂತ್ರಗಳನ್ನು. ಆ ಲೆಕ್ಕದಲ್ಲಿ ಅರಕಲಗೂಡೂ ಒಂದು ಮರುಭೂಮಿಯೇ.

ಆಸ್ಟ್ರೇಲಿಯಾದ ಮಾತು ಬಂದದ್ದರಿಂದ ಒಂದು ಸಂಗತಿ ಹೇಳುತ್ತೇನೆ. ಅಲ್ಲಿನ ಮರಳುಗಾಡಿನಲ್ಲಿ ಮರ್ರಿ ಎಂಬ ಊರಿನಿಂದ ಬರ್ಡ್ಸ್‌ವಿಲ್ ಎಂಬ ಊರಿಗೆ ಐನೂರು ಕಿಲೋಮೀಟರಿಗೂ ಹೆಚ್ಚಿನ ಒಂದು ಹಾದಿಯಿದೆ. ಟಾಮ್ ಕ್ರೂಸ್ ಎಂಬಾತ 1936ರಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಆ ಹಾದಿಯಲ್ಲಿ ಟಪಾಲು ಲಾರಿ ಓಡಿಸಿದ. ಕಾಗದ, ದಿನಸಿ, ದನ ಸಾಕುವವರಿಗೆ ಬೇಕಾದ ಸಾಮಾನು ಎಲ್ಲವೂ ಆತನ ಲಾರಿಯಲ್ಲೇ ಹೋಗಬೇಕು. ಆತನ ಕುರಿತು 1954ರಲ್ಲಿ ಒಂದು ಸಾಕ್ಷ್ಯಚಿತ್ರವೂ ಬಂತು. ಲಾರಿಯಲ್ಲಿ ಏನಾದರೂ ಮುರಿದರೆ ದಾರಿಯಲ್ಲೇ ಕೈಗೆ ಸಿಕ್ಕಿದ್ದರಲ್ಲಿ ಸರಿಮಾಡಿಕೊಂಡು ಮುಂದೆ ಹೋಗಬೇಕಿತ್ತು. ಅಂಥ ಕಡೆ ಬೇಸಾಯ ಮಾಡುವವನಿಗೆ ಸಾಮಾನು ನಾಳೆ ಬರುವುದಿಲ್ಲ ಎಂಬುದು ಖಚಿತ. ಆದ್ದರಿಂದ ಮನೆಯಲ್ಲೇ ಬೆಲ್ಟು, ಬೇರಿಂಗು, ವೆಲ್ಡಿಂಗ್ ಯಂತ್ರ ಇಟ್ಟುಕೊಳ್ಳುತ್ತಾನೆ. ನಮಗೆ ಬೆಂಗಳೂರು ಹತ್ತಿರ. ಹತ್ತಿರವೆಂಬ ಧೈರ್ಯದಲ್ಲಿ ನಾವು ಏನನ್ನೂ ಇಟ್ಟುಕೊಳ್ಳುವುದಿಲ್ಲ. ನನ್ನ ಅನುಭವದಲ್ಲಿ ದೂರಕ್ಕಿಂತ ಹೆಚ್ಚು ಕೆಡಿಸಿದ್ದು ಈ ಧೈರ್ಯ.

ಇದರ ಜೊತೆಗೆ ಇನ್ನೊಂದು ತೊಡಕು. ಯಂತ್ರಗಳು ವರ್ಷವಿಡೀ ಸಮನಾಗಿ ಕೆಡುವುದಿಲ್ಲ. ಎಲ್ಲರದೂ ಒಟ್ಟಿಗೆ ಕೆಡುತ್ತವೆ. ಅರಕಲಗೂಡಿನಲ್ಲಿ ಆಲೂಗೆಡ್ಡೆ, ಹೊಗೆಸೊಪ್ಪಿನ ನಾಟಿಯ ಹೊತ್ತಿಗೆ ಮೇ, ಜೂನ್ ತಿಂಗಳಲ್ಲಿ. ಹೇಮಾವತಿ ನಾಲೆಯ ನೀರು ಬಿಟ್ಟ ಮೇಲೆ ಹೊಳೆನರಸೀಪುರದ ಗದ್ದೆಗಳಲ್ಲಿ ಕೆಸರು ತುಳಿಸುವಾಗ ಜುಲೈ, ಆಗಸ್ಟಿನಲ್ಲಿ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದವರ ಕೊಳವೆಬಾವಿ ಮೋಟಾರು ಸುಡುವುದು ಮಾರ್ಚ್, ಏಪ್ರಿಲಿನಲ್ಲಿ. ವಿದ್ಯುತ್ತಿನ ವೋಲ್ಟೇಜು ಇಳಿದು, ನೀರೂ ಇಳಿದು, ಮೋಟಾರಿಗೆ ಎರಡೂ ಕಡೆಯಿಂದ ಹೊಡೆತ. ಆಗ ಪೈಪು ಎತ್ತುವವರೂ ಸಿಗುವುದಿಲ್ಲ, ವೈಂಡಿಂಗ್ ಅಂಗಡಿಯಲ್ಲಿ ಮೋಟಾರುಗಳು ಸಾಲಾಗಿ ಮಲಗಿರುತ್ತವೆ, ಒಳಗೆ ಕೂರಿಸುವ ಕಾರ್ಬನ್ ಬುಷ್ ಮುಗಿದಿರುತ್ತದೆ. ತೆಂಗಿನ ಮರ ಮೂಕಪ್ರಾಣಿ. ಬೇಸಿಗೆಯಲ್ಲಿ ನೀರು ತಪ್ಪಿದ್ದರ ಲೆಕ್ಕವನ್ನು ಅದು ಒಪ್ಪಿಸುವುದು ಮುಂದಿನ ವರ್ಷದ ಗೊನೆಯಲ್ಲಿ.

ಇನ್ನು ನಾನು ಕಸುಬಿನಲ್ಲಿ ಕಲಿತ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿಡಿಭಾಗಗಳಲ್ಲಿ ಎರಡು ಜಾತಿ. ಒಂದು, ಲೋಕಕ್ಕೆಲ್ಲ ಒಂದೇ ಅಳತೆಯದು. ಇನ್ನೊಂದು, ಆ ಕಂಪನಿಗೆ ಮಾತ್ರ ಸೇರಿದ್ದು. ಮೊದಲ ಜಾತಿಯದು ಕೆಟ್ಟರೆ ಹೆದರಬೇಕಾದ್ದಿಲ್ಲ. ಅದರ ನಂಬರ್ ಓದಲು ಬಂದರೆ ಸಾಕು.

ಬೇರಿಂಗನ್ನೇ ತೆಗೆದುಕೊಳ್ಳಿ. ಬಟ್ಟೆಯಿಂದ ಗ್ರೀಸ್ ಒರೆಸಿ ನೋಡಿದರೆ ಅಂಚಿನಲ್ಲಿ 6205 ಎಂದೋ 6204 ಎಂದೋ ಕೊರೆದಿರುತ್ತದೆ. ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿ. 05 ಆದರೆ 25 ಮಿಲಿಮೀಟರು, 04 ಆದರೆ 20. ಅದು ಒಳಗಿನ ತೂತಿನ ಅಳತೆ. 04ರಿಂದ ಮೇಲಕ್ಕೆ ಈ ಲೆಕ್ಕ ಸರಿಬರುತ್ತದೆ, ಅದಕ್ಕಿಂತ ಸಣ್ಣವಕ್ಕೆ ಬೇರೆ ಲೆಕ್ಕ. ಆದರೆ ತೂತು ಮಾತ್ರ ಅಳೆದುಕೊಂಡು ಹೋದರೆ ಮೋಸ ಹೋಗುತ್ತೀರಿ. 6205ಕ್ಕೂ 6305ಕ್ಕೂ ತೂತು 25 ಮಿಲಿಮೀಟರೇ. ಹೊರಗಿನ ಅಳತೆ ಮಾತ್ರ ಒಂದಕ್ಕೆ 52, ಇನ್ನೊಂದಕ್ಕೆ 62. ಒಂದೇ ಅಂಕಿಯ ವ್ಯತ್ಯಾಸ, ಒಂದು ದಿನದ ಓಡಾಟ ದಂಡ. ನಂಬರಿನ ಮುಂದೆ ಅಕ್ಷರಗಳೂ ಇರುತ್ತವೆ. ಝಡ್‌ಝಡ್ ಎಂದರೆ ಎರಡೂ ಬದಿಗೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದರೆ ರಬ್ಬರ್ ಮುಚ್ಚಳ. ನೀರು, ಕೆಸರು ಸಿಡಿಯುವ ಜಾಗಕ್ಕೆ ರಬ್ಬರಿನದು ಒಳ್ಳೆಯದು. ಈ ನಂಬರ್ ಹಿಡಿದು ಹಾಸನದಲ್ಲಿ ಕೇಳಿ, ಜಲಂಧರಿನಲ್ಲಿ ಕೇಳಿ, ಆ ಬರ್ಡ್ಸ್‌ವಿಲ್ಲಿನಲ್ಲೇ ಕೇಳಿ, ಒಂದೇ ಅಳತೆಯದು ಸಿಗುತ್ತದೆ.

ಬೆಲ್ಟೂ ಹಾಗೆಯೇ. ಬಿ 60 ಎಂದಿದ್ದರೆ ಮೇಲ್ಭಾಗದ ಅಗಲ 17 ಮಿಲಿಮೀಟರು, ಉದ್ದ 60 ಇಂಚು. ಎ ಎಂದಿದ್ದರೆ ಅಗಲ 13. ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲಿನ ಮೇಲೆ 35, 52, 7 ಎಂದಿದ್ದರೆ ಕ್ರಮವಾಗಿ ಶಾಫ್ಟಿನ ಅಳತೆ, ಹೊರಗಿನ ಅಳತೆ, ದಪ್ಪ. ಹೊಸದಾಗಿ ಯಂತ್ರ ಕೊಂಡ ದಿನವೇ ಈ ನಂಬರುಗಳನ್ನು ಕೊಟ್ಟಿಗೆಯ ಗೋಡೆಗೆ ಸುಣ್ಣದಲ್ಲಿ ಬರೆದಿಡಿ ಎಂದು ನಾನು ಹೇಳುತ್ತೇನೆ. ಕೆಟ್ಟ ಮೇಲೆ ನೋಡಿದರೆ ಅಂಕಿ ಸವೆದು ಹೋಗಿರುತ್ತದೆ. ಒಬ್ಬ ಯಜಮಾನರು ಹಾಗೇ ಬರೆಸಿದ್ದರು. ಅವರ ಸೊಸೆ ಅದನ್ನು ಹಾಲಿನ ಲೆಕ್ಕವೆಂದು ತಿಳಿದು ಒರೆಸಿಬಿಟ್ಟಿದ್ದಳು. ಅದು ಬೇರೆ ಕಥೆ.

ತೊಂದರೆ ಇರುವುದು ಎರಡನೆಯ ಜಾತಿಯಲ್ಲಿ. ಗೇರು, ಕ್ಲಚ್ಚಿನ ತಟ್ಟೆ, ಕಂಪನಿಯದೇ ಅಚ್ಚಿನಲ್ಲಿ ಎರಕ ಹೊಯ್ದ ಕವರು, ಇಂಪೆಲ್ಲರ್. ಇವಕ್ಕೆ ಕಂಪನಿ ಕೊಟ್ಟ ಪಾರ್ಟ್ ನಂಬರೇ ಗತಿ. ಆ ಪುಸ್ತಕವನ್ನು ಯಂತ್ರ ಕೊಳ್ಳುವಾಗ ಕೇಳಿ ಪಡೆಯಬೇಕು. ನಮ್ಮವರು ಪೂಜೆ ಮಾಡಿಸಿ ನಿಂಬೆಹಣ್ಣು ಕಟ್ಟುವುದನ್ನು ಮರೆಯುವುದಿಲ್ಲ, ಪುಸ್ತಕ ಮಾತ್ರ ಅಲ್ಲೇ ಬಿಟ್ಟು ಬರುತ್ತಾರೆ. ಇನ್ನು ಕಂಪನಿಯೇ ಮುಚ್ಚಿದರೆ? ನಮ್ಮ ಹೆಮ್ಮೆಯ ಎಚ್.ಎಂ.ಟಿ. 1971ರಲ್ಲಿ ಚೆಕೊಸ್ಲೊವಾಕಿಯಾದ ಜೆಟಾರ್ ಕಂಪನಿಯ ಸಹಯೋಗದಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡತೊಡಗಿತು. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಗಾಡಿ ಗಟ್ಟಿಮುಟ್ಟು, ತಾಯಿಮನೆ ಇಲ್ಲ. ಅಂಥ ಟ್ರ್ಯಾಕ್ಟರ್ ಇಟ್ಟುಕೊಂಡವರು ಈಗ ಗುಜರಿ ಅಂಗಡಿಗಳನ್ನು ಸುತ್ತುತ್ತಾರೆ, ಇಲ್ಲವೇ ಲೂಧಿಯಾನದ ಕಡೆಯ ಸಣ್ಣ ಕಾರ್ಖಾನೆಗಳ ಸಾಮಾನಿಗೆ ಕಾಯುತ್ತಾರೆ.

ಸಾಮಾನು ಇದೆ, ಹೊರಟಿದೆ ಎಂದ ಮೇಲೂ ತಲುಪುತ್ತದೆ ಎಂಬ ಭರವಸೆ ಇಲ್ಲದಿರಲು ನಮ್ಮ ಊರುಗಳ ಹೆಸರೇ ಒಂದು ಕಾರಣ. ನರಸೀಪುರದ ಕಥೆ ಹೇಳಿದೆ. ಚನ್ನರಾಯಪಟ್ಟಣದ್ದು ಇನ್ನೂ ಕಷ್ಟ. ಬೆಂಗಳೂರಿನ ಗುಮಾಸ್ತ ಅವಸರದಲ್ಲಿ ‘ಚನ್ನಪಟ್ಟಣ’ ಎಂದು ಬರೆದರೆ ಪೆಟ್ಟಿಗೆ ಬೊಂಬೆಗಳ ಊರಿಗೆ ಹೋಗಿ ಮೈಸೂರು ರಸ್ತೆಯಲ್ಲಿ ಇಳಿಯುತ್ತದೆ. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ಚನ್ನರಾಯಪಟ್ಟಣ ಹೋಬಳಿ ಇದೆ. ಇದಕ್ಕೆ ಮದ್ದು 1972ರ ಆಗಸ್ಟ್ 15ರಂದೇ ಬಂದಿದೆ, ಅದೇ ಪಿನ್ ಕೋಡು. ನಮ್ಮ ಹೊಳೆನರಸೀಪುರ 573211, ಚನ್ನರಾಯಪಟ್ಟಣ 573116, ಅರಕಲಗೂಡು 573102, ಹಾಸನ 573201. ಊರ ಹೆಸರು ತಪ್ಪಿದರೂ ಈ ಆರು ಅಂಕಿ ಸರಿಯಿದ್ದರೆ ಪೆಟ್ಟಿಗೆ ದಾರಿ ತಪ್ಪುವುದು ಕಡಿಮೆ. ನಾನು ಫೋನಿನಲ್ಲಿ ಆರ್ಡರ್ ಕೊಡುವಾಗ ಅಂಕಿಗಳನ್ನು ಅವರಿಂದ ಎರಡು ಸಲ ತಿರುಗಿ ಹೇಳಿಸುತ್ತೇನೆ. ಆ ಕಡೆಯ ಹುಡುಗರು ನಗುತ್ತಾರೆ. ನಗಲಿ.

ನಿಜವಾಗಿ ನಮ್ಮನ್ನು ಕಾಪಾಡಿದ್ದು ಬಸ್ಸು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಎಸ್.ಪಿ. ರಸ್ತೆಯಲ್ಲೋ ಸಂಜೆ ಕೊಂಡ ಸಾಮಾನನ್ನು ಗೋಣಿಯಲ್ಲಿ ಸುತ್ತಿ, ರಾತ್ರಿಯ ಬಸ್ಸಿನವರ ಕೈಗೆ ಕೊಟ್ಟು, ಬಸ್ ನಂಬರ್ ಫೋನಿನಲ್ಲಿ ಹೇಳುವುದು. ನಾವು ನಸುಕಿನಲ್ಲಿ ನಿಲ್ದಾಣದಲ್ಲಿ ಕಾಯುವುದು. ರಸೀತಿ ಇಲ್ಲ, ವಿಳಾಸ ಇಲ್ಲ, ಬರೀ ನಂಬಿಕೆ. ನಿದ್ದೆಗಣ್ಣಿನಲ್ಲಿ ಚನ್ನರಾಯಪಟ್ಟಣದ ಸಾಮಾನು ಮಂಗಳೂರಿನವರೆಗೂ ಹೋಗಿ ಬಂದದ್ದುಂಟು. ಸಾರಿಗೆ ನಿಗಮದವರೇ 2021ರಲ್ಲಿ ‘ನಮ್ಮ ಕಾರ್ಗೋ’ ಎಂದು ರಸೀತಿ ಕೊಟ್ಟು ಪಾರ್ಸೆಲ್ ಸಾಗಿಸಲು ತೊಡಗಿದರು. ರೈಲು ಹೊಳೆನರಸೀಪುರಕ್ಕೆ ಹಿಂದಿನಿಂದಲೂ ಇದೆ. ಚನ್ನರಾಯಪಟ್ಟಣದ ಮೇಲೆ ಹಾಯುವ ಬೆಂಗಳೂರು–ಹಾಸನ ನೇರ ಮಾರ್ಗ 2017ರಲ್ಲಿ ಪೂರ್ತಿಯಾಯಿತು. ಅರಕಲಗೂಡಿಗೆ ರೈಲಿಲ್ಲ. ರೈಲು ಇರುವ ಊರಿನಲ್ಲೂ ಒಂದು ಬೇರಿಂಗಿಗಾಗಿ ಸ್ಟೇಷನ್ನಿಗೆ ಹೋಗುವವರನ್ನು ನಾನು ಕಾಣೆ.

ಈಗ ಕೈಯಲ್ಲಿ ಮೊಬೈಲ್ ಬಂದಿದೆ. ಮುರಿದದ್ದರ ಫೋಟೋ ತೆಗೆದು ಕಳಿಸಿದರೆ ಕೊಯಮತ್ತೂರಿನ ಅಂಗಡಿಯವರು ಐದು ನಿಮಿಷದಲ್ಲಿ ಇದೆ, ಇಲ್ಲ ಎನ್ನುತ್ತಾರೆ. ಇದು ದೊಡ್ಡ ಉಪಕಾರ. ಆದರೆ ಫೋಟೋದಲ್ಲಿ ಹಲ್ಲು ಎಣಿಸಬಹುದು, ಅಳತೆ ಕಾಣುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟೇ ಫೋಟೋ ತೆಗೆಯಿರಿ.

ದೊಡ್ಡ ಯಂತ್ರಗಳಲ್ಲಿ ಇನ್ನೊಂದು ಹೊಸ ಸಂಕಟ ಹುಟ್ಟಿದೆ. ಅಮೆರಿಕದ ಬಯಲುಸೀಮೆಯಲ್ಲಿ ರೈತನ ಕೈಗೆ ಬಿಡಿಭಾಗ ಬಂದು ಸೇರಿದರೂ, ಕಂಪನಿಯವರು ಬಂದು ಕಂಪ್ಯೂಟರಿನಲ್ಲಿ ಒಪ್ಪಿಗೆ ಕೊಡುವವರೆಗೆ ಯಂತ್ರ ನಡೆಯದ ಸ್ಥಿತಿ ಬಂತು. ಕೊಲೊರಾಡೊ ರಾಜ್ಯದವರು 2023ರಲ್ಲಿ ಕಾನೂನನ್ನೇ ಮಾಡಿ, ರಿಪೇರಿಗೆ ಬೇಕಾದ ಭಾಗ, ಉಪಕರಣ, ಮಾಹಿತಿಗಳನ್ನು ರೈತನಿಗೂ ಹೊರಗಿನ ಮೆಕ್ಯಾನಿಕ್ಕಿಗೂ ಕೊಡಬೇಕೆಂದರು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ರಿಪೇರಿಯ ಹಕ್ಕಿನ ಬಗೆಗೆ ಒಂದು ಸಮಿತಿ ಮಾಡಿತು. ಅದು ಗಮನಿಸಬೇಕಾದ ಕ್ಷೇತ್ರಗಳಲ್ಲಿ ಕೃಷಿ ಯಂತ್ರಗಳೂ ಸೇರಿದ್ದವು. ಇದು ನಮಗೇಕೆ ಎಂದು ಸುಮ್ಮನಿರಬೇಡಿ. ಗದ್ದೆಗೆ ಇಳಿಯುವ ಕೊಯ್ಲಿನ ಯಂತ್ರಗಳಲ್ಲೂ ಕಂಪ್ಯೂಟರ್ ಬರುತ್ತಿದೆ.

ನಾನು ನನ್ನ ಮಟ್ಟಿಗೆ ಮಾಡಿದ್ದು ಸಣ್ಣದು. ಅಂಗಡಿಯಲ್ಲಿ ಒಂದು ರಿಜಿಸ್ಟರ್ ಇಟ್ಟೆ. ಯಾವ ಊರಿನಲ್ಲಿ ಯಾರ ಹತ್ತಿರ ಯಾವ ಮಾಡೆಲ್ ಇದೆ ಎಂದು ಅದರಲ್ಲಿ ಬರೆಯುತ್ತ ಹೋದೆ. ಚನ್ನರಾಯಪಟ್ಟಣ, ಅರಕಲಗೂಡಿನ ಇಬ್ಬರು ಮೆಕ್ಯಾನಿಕ್ಕುಗಳೂ ಹಾಗೇ ಬರೆದರು. ಮೂರನ್ನೂ ಕೂಡಿಸಿ ನೋಡಿದಾಗ, ನಮ್ಮ ತಾಲ್ಲೂಕಿನಲ್ಲಿ ಹತ್ತಿದ್ದ ಮಾಡೆಲ್ ಮೂರು ತಾಲ್ಲೂಕು ಸೇರಿ ನಲವತ್ತರ ಹತ್ತಿರ ಬಂತು. ನಲವತ್ತು ಯಂತ್ರಕ್ಕಾದರೆ ಒಂದು ಗೇರು ತಂದಿಡಬಹುದು. ಮೂವರೂ ದುಡ್ಡು ಹಾಕಿದೆವು, ಗೇರು ನನ್ನ ಅಂಗಡಿಯಲ್ಲಿದೆ, ಕ್ಲಚ್ ತಟ್ಟೆ ಅರಕಲಗೂಡಿನಲ್ಲಿದೆ, ಮೋಟಾರಿನ ಬುಷ್ಷುಗಳು ಚನ್ನರಾಯಪಟ್ಟಣದಲ್ಲಿವೆ. ಯಾರಿಗೆ ಬೇಕಾದರೂ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತದೆ. ಜಗಳವೂ ಆಗಿದೆ. ಒಂದು ಸಲ ನನ್ನ ಹತ್ತಿರವಿದ್ದ ಸೀಲನ್ನು ಕೇಳದೆ ನನ್ನ ಗಿರಾಕಿಗೇ ಹಾಕಿಬಿಟ್ಟೆ, ಅರಕಲಗೂಡಿನವರು ತಿಂಗಳು ಮಾತು ಬಿಟ್ಟರು. ಗೇರಿಗೆ ಹಾಕಿದ ಹಣ ತಿರುಗಿ ಬರಲು ನಾಲ್ಕು ವರ್ಷವಾಯಿತು. ವ್ಯಾಪಾರವೆಂದು ನೋಡಿದರೆ ಇದು ನಷ್ಟದ ಬಾಬತ್ತೇ.

ಹೋಬಳಿ ಮಟ್ಟದಲ್ಲಿ ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಸಹಕಾರ ಸಂಘಗಳಿವೆ. ಗೊಬ್ಬರದ ಚೀಲದ ಪಕ್ಕದಲ್ಲಿ ಒಂದು ಕಪಾಟು ಇಟ್ಟು, ಆ ಹೋಬಳಿಯ ಯಂತ್ರಗಳ ಪಟ್ಟಿ ನೋಡಿ, ಬೆಲ್ಟು, ಬೇರಿಂಗು, ಸೀಲುಗಳ ಒಂದೊಂದು ಜೊತೆಯನ್ನು ಏಪ್ರಿಲಿಗೆ ಮೊದಲು ತಂದಿಡುವುದು ಅವರಿಗೆ ಅಸಾಧ್ಯವಲ್ಲ. ಹೊಸ ಟಿಲ್ಲರ್ ಕೊಳ್ಳುವವರು ಸಬ್ಸಿಡಿ ಎಷ್ಟೆಂದು ಕೇಳುವ ಮುಂಚೆ ಅಕ್ಕಪಕ್ಕದ ಊರಿನಲ್ಲಿ ಯಾವ ಕಂಪನಿಯದು ಹೆಚ್ಚಿದೆ ಎಂದು ವಿಚಾರಿಸಲಿ. ಊರಿಗೊಂದೇ ಆದ ವಿಶೇಷ ಯಂತ್ರ ನೋಡಲು ಚೆಂದ, ಕೆಟ್ಟಾಗ ಅದು ಒಂಟಿ.

ನಮ್ಮ ತಂದೆಯವರ ಟಿಲ್ಲರನ್ನು 2008ರಲ್ಲಿ ತೂಕಕ್ಕೆ ಕೊಟ್ಟೆವು. ಕೊಡುವ ಮುಂಚೆ ಗೇರು ಪೆಟ್ಟಿಗೆ ಬಿಚ್ಚಿ, ಆ ಹನ್ನೆರಡನೆಯ ದಿನ ಬಂದ ಗೇರನ್ನು ತೆಗೆದಿಟ್ಟುಕೊಂಡೆ. ಹಲ್ಲು ಇನ್ನೂ ಚೆನ್ನಾಗಿತ್ತು. ಮರುವರ್ಷ ಜೂನ್ ತಿಂಗಳಲ್ಲಿ ರಾಮನಾಥಪುರದ ಕಡೆಯ ಒಬ್ಬ ರೈತರು ಬಂದು ಎರಡು ಕೈ ಅಗಲಿಸಿ ‘ಇಷ್ಟಗಲ ಇದೆ ಅಣ್ಣಾ’ ಎಂದರು. ಅವರ ಗಾಡಿಗೆ ಅದನ್ನು ಹಾಕಿಕೊಟ್ಟೆ. ಅಂದೇ ಸಂಜೆ ಅವರು ಹೊಲಕ್ಕೆ ಇಳಿದರು.